9 ವರ್ಷದ ಮಗಳಿಗೆ ಕೋಡಿಂಗ್ ಕಲಿಸುವುದು ಎಲ್ಲಿಂದ ಶುರು ಮಾಡಲಿ?

ನೀವು ಎರಡು ವಿಷಯ ಕೇಳಿದ್ದೀರಿ. ಬ್ಲಾಕ್ ಅನ್ನುವ ಬಣ್ಣದ ತುಂಡುಗಳನ್ನು ಪರದೆಯ ಮೇಲೆ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಿಂದ ಶುರು ಮಾಡಲೋ, ಟೈಪ್ ಮಾಡಿ ಬರೆಯುವ ಪೈಥಾನ್‌ನಿಂದಲೋ ಅನ್ನುವುದು ಒಂದು. ಮಗಳು ವಿಡಿಯೋ ನೋಡಿಕೊಂಡು ಚೆನ್ನಾಗಿ ಆಟ ಮಾಡುತ್ತಾಳೆ, ಆದರೆ ನೀನೇ ಏನಾದರೂ ಮಾಡು ಅಂದರೆ ಸುಮ್ನೆ ಕೂತುಬಿಡುತ್ತಾಳೆ ಅನ್ನುವುದು ಇನ್ನೊಂದು. ನಾನು ಕೆಲವು ವರ್ಷಗಳಿಂದ ಈ ವಯಸ್ಸಿನ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಇವೆರಡರಲ್ಲಿ ನಿಜವಾಗಿ ಯೋಚಿಸಬೇಕಾದ್ದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಸುಲಭ. ಸ್ಕ್ರ್ಯಾಚ್‌ನಿಂದಲೇ ಶುರು ಮಾಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಅದನ್ನು ಹೊರತಂದರು. 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಪೈಥಾನ್ ಒಳ್ಳೆಯ ಭಾಷೆಯೇ. ಆದರೆ 9 ವರ್ಷದ ಮಗುವಿಗೆ ಕೀಬೋರ್ಡ್‌ನಲ್ಲಿ ಕೋಲನ್ (:) ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ಯೋಚನೆ ಸರಿಯಾಗಿದ್ದರೂ ಒಂದು ಚಿಹ್ನೆ ಬಿಟ್ಟುಹೋಗಿದ್ದಕ್ಕೆ ಎರರ್ ಬರುತ್ತದೆ. ತನಗೆ ಏನೂ ಬರಲ್ಲ ಅಂತ ಮಗು ಅಂದುಕೊಳ್ಳುತ್ತದೆ. ಬ್ಲಾಕ್‌ಗಳಲ್ಲಿ ಆ ಕಾಟ ಇಲ್ಲ. ಹೊಂದದ ಬ್ಲಾಕ್ ಅಂಟಿಕೊಳ್ಳುವುದೇ ಇಲ್ಲ.

ಇನ್ನು ಆ ಸುಮ್ನೆ ಕೂರುವುದು. ಅದು ಸೋಮಾರಿತನ ಅಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ವಿಡಿಯೋದಲ್ಲಿ ಎಲ್ಲ ತೀರ್ಮಾನವನ್ನೂ ಬೇರೆಯವರು ಮಾಡಿರುತ್ತಾರೆ. ಅವಳು ಬ್ಲಾಕ್ ಎಳೆದು ತಂದು ಇಟ್ಟಿರುತ್ತಾಳೆ, ಅಷ್ಟೇ. ಈ ಬ್ಲಾಕ್ ಇಟ್ಟರೆ ಏನಾಗುತ್ತದೆ ಅಂತ ಅವಳನ್ನು ಯಾರೂ ಕೇಳಿಯೇ ಇಲ್ಲ. ಹಾಗಾಗಿ ನನ್ನ ಹತ್ತಿರ ಕಲಿಯುವವರಿಗೆ ಒಂದೇ ನಿಯಮ: ಪ್ರೋಗ್ರಾಂ ಓಡಿಸುವ ಹಸಿರು ಬಾವುಟ ಒತ್ತುವ ಮೊದಲು ಏನಾಗುತ್ತದೆ ಅಂತ ಬಾಯಿಬಿಟ್ಟು ಹೇಳಬೇಕು. ತಪ್ಪಾದರೂ ಪರವಾಗಿಲ್ಲ, ಹೇಳಬೇಕು.

ಚೌಕ ಬಿಡಿಸುವುದನ್ನೇ ತೆಗೆದುಕೊಳ್ಳಿ. ಗೆರೆ ಎಳೆಯುವ ಪೆನ್ ಬ್ಲಾಕ್‌ಗಳು ಮೊದಲಿಗೆ ಕಾಣುವುದಿಲ್ಲ. ಎಡಗಡೆ ಕೆಳಮೂಲೆಯ ಎಕ್ಸ್‌ಟೆನ್ಷನ್ ಬಟನ್ ಒತ್ತಿ ಸೇರಿಸಿಕೊಳ್ಳಬೇಕು. ಮೊದಲು ಪೆನ್ ಡೌನ್ ಬ್ಲಾಕ್ ಇಡಿ. ಆಮೇಲೆ 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಇದನ್ನು 4 ಸಲ. ಚೌಕ ಬಂತು. ಈಗ ಮೂರೂ ಬದಿ ಸಮ ಇರುವ ತ್ರಿಕೋನ ಬಿಡಿಸು ಅನ್ನಿ. ಹೆಚ್ಚುಕಮ್ಮಿ ಎಲ್ಲ ಮಕ್ಕಳೂ 3 ಸಲ, 60 ಡಿಗ್ರಿ ಅನ್ನುತ್ತಾರೆ. ಗಣಿತದ ಪುಸ್ತಕದಲ್ಲಿ ತ್ರಿಕೋನದ ಮೂಲೆ 60 ಅಂತಲೇ ಇದೆಯಲ್ಲ. ಒತ್ತಿದರೆ ತ್ರಿಕೋನ ಬರುವುದಿಲ್ಲ. ಬಾಯಿ ತೆರೆದ ಬಟ್ಟಲಿನಂಥದ್ದು ಬರುತ್ತದೆ, ಷಟ್ಕೋನದ ಅರ್ಧ.

ಇಲ್ಲಿ ದಯವಿಟ್ಟು ಉತ್ತರ ಹೇಳಬೇಡಿ. ಮಗುವನ್ನು ಎಬ್ಬಿಸಿ, ನೆಲದ ಮೇಲೆ ತ್ರಿಕೋನದ ಹಾಗೆ ನಡೆಯಲು ಹೇಳಿ. ಮೂಲೆಗೆ ಬಂದು ಸ್ವಲ್ಪ ತಿರುಗುತ್ತಾಳೆ. ಸಾಲದು ಅಂತ ಇನ್ನೂ ತಿರುಗುತ್ತಾಳೆ. ಒಳಗಿನ ಮೂಲೆ 60 ಆದರೂ ಮೈ ತಿರುಗಬೇಕಾದ್ದು 120 ಅಂತ ಆಗ ಗೊತ್ತಾಗುತ್ತದೆ. ಒಂದು ಸುತ್ತು ಮುಗಿಸಿ ಮೊದಲಿನ ದಿಕ್ಕಿಗೇ ಮುಖ ಮಾಡಿದರೆ ಒಟ್ಟು 360 ತಿರುಗಿದ ಹಾಗೆ ಅಲ್ವಾ? ಇಷ್ಟು ಸಿಕ್ಕಿದ ಮೇಲೆ ಐದು ಬದಿಗೆ 72 ಅಂತ ಅವರೇ ಭಾಗಿಸಿ ಹೇಳುತ್ತಾರೆ. 10 ಡಿಗ್ರಿಯಂತೆ 36 ಸಲ, ಹೆಜ್ಜೆ ಚಿಕ್ಕದು ಮಾಡಿದರೆ ವೃತ್ತದಂತೆ ಕಾಣುತ್ತದೆ ಅಂತ ಒಬ್ಬ ಹುಡುಗಿ ತಾನೇ ಕಂಡುಹಿಡಿದು ಕೂಗಿದ್ದು ನನಗೆ ಇನ್ನೂ ನೆನಪಿದೆ. ಈ ದಾರಿ ಹೊಸದಲ್ಲ. 1967ರಲ್ಲಿ ಸೀಮೋರ್ ಪಾಪರ್ಟ್, ಸಿಂಥಿಯಾ ಸಾಲಮನ್ ಮತ್ತು ಜೊತೆಯವರು ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಅದರಲ್ಲಿ ಮುಂದೆ ಬಂದ, ಹೇಳಿದಂತೆ ನಡೆದು ಗೆರೆ ಎಳೆಯುವ ಆಮೆಯ ಹಿಂದೆ ಇದ್ದದ್ದು ಇದೇ ಯೋಚನೆ: ಆಮೆಯ ಜಾಗದಲ್ಲಿ ಮಗು ತನ್ನನ್ನೇ ನಿಲ್ಲಿಸಿಕೊಂಡು ನೋಡಲಿ ಅಂತ.

ಇನ್ನೊಂದು ತಪ್ಪು ಖಂಡಿತ ಬರುತ್ತದೆ, ಕಾಯುತ್ತಿರಿ. "ಮೌಸ್ ತಾಗಿದರೆ ಹಲೋ ಅನ್ನು" ಅಂತ ಬ್ಲಾಕ್ ಜೋಡಿಸಿ, ಬಾವುಟ ಒತ್ತಿ, ಮೌಸನ್ನು ಸ್ಕ್ರ್ಯಾಚ್ ಪರದೆಯ ಬೆಕ್ಕಿನ ಮೇಲೆ ತಂದರೆ ಬೆಕ್ಕು ಮಾತಾಡುವುದೇ ಇಲ್ಲ. ಜೋಡಿಸಿದ್ದರಲ್ಲಿ ತಪ್ಪು ಕಾಣುವುದಿಲ್ಲ. ಆಗ ನಾನು ಕೇಳುವುದು ಇಷ್ಟೇ: "ಬೆಕ್ಕು ಎಷ್ಟು ಸಲ ನೋಡಿತು?" ಒಂದೇ ಸಲ. ಬಾವುಟ ಒತ್ತಿದ ಕ್ಷಣದಲ್ಲಿ ನೋಡಿ ಮುಗಿಸಿತು. ಆಗ ಮೌಸ್ ಇನ್ನೂ ದೂರದಲ್ಲಿತ್ತು. ಸದಾ ನೋಡುತ್ತಲೇ ಇರಬೇಕಾದರೆ ಅದನ್ನು ಫಾರೆವರ್ ಬ್ಲಾಕಿನ ಒಳಗೆ ಹಾಕಬೇಕು. ಲೂಪ್, ಅಂದರೆ ಒಂದನ್ನೇ ಮತ್ತೆ ಮತ್ತೆ ಮಾಡಿಸುವುದು, ಯಾಕೆ ಬೇಕು ಅಂತ ಗಂಟೆಗಟ್ಟಲೆ ವಿವರಿಸುವುದಕ್ಕಿಂತ ಈ ಒಂದು ತಪ್ಪು ಜಾಸ್ತಿ ಕಲಿಸುತ್ತದೆ.

ಆಟದ ಅಂಕದಂತೆ ಬದಲಾಗುವ ಮೌಲ್ಯವನ್ನು ನೆನಪಿಟ್ಟುಕೊಳ್ಳುವ ವೇರಿಯಬಲ್ ಅಂದರೆ ಡಬ್ಬಿ ಅಂತ ಹೇಳುವವರು ಬಹಳ. ನನಗೆ ಅದು ಇಷ್ಟವಿಲ್ಲ. ಡಬ್ಬಿಗೆ ಇನ್ನೊಂದನ್ನು ಹಾಕಿದರೆ ಮೊದಲಿನದೂ ಒಳಗೇ ಇರುತ್ತದಲ್ಲ. ನಾನು ಅಂಕ ಬರೆಯುವ ಬೋರ್ಡ್ ಅನ್ನುತ್ತೇನೆ. ಹೊಸದು ಬರೆದರೆ ಹಳೆಯದು ಅಳಿಸಿಹೋಗುತ್ತದೆ.

"ಏನಾದರೂ ಮಾಡು" ಅಂತ ಖಾಲಿ ಪರದೆ ಕೊಡಬೇಡಿ. ಅದರ ಮುಂದೆ ದೊಡ್ಡವರೂ ತಡವರಿಸುತ್ತಾರೆ. ಅವಳು ವಿಡಿಯೋ ನೋಡಿ ಮಾಡಿದ ಆಟವನ್ನೇ ತೆರೆಯಿರಿ. ಒಂದೇ ಒಂದು ಸಂಖ್ಯೆ ತೋರಿಸಿ, ಇದನ್ನು 10ರ ಬದಲು 50 ಮಾಡಿದರೆ ಏನಾಗುತ್ತದೆ ಅಂತ ಕೇಳಿ. ಹೇಳಲಿ, ಆಮೇಲೆ ಒತ್ತಿ ನೋಡಲಿ. ಕೆಲವು ದಿನ ಕಳೆದ ಮೇಲೆ ಅವಳಿಗೆ ಹೇಳಿಯೇ ಒಂದು ಬ್ಲಾಕ್ ತೆಗೆದುಬಿಡಿ, ಏನು ಕೆಟ್ಟಿದೆ ಅಂತ ಅವಳು ಹುಡುಕಲಿ. ನನ್ನ ಅನುಭವದಲ್ಲಿ ಇಲ್ಲಿಂದಲೇ ಮಕ್ಕಳ ಸ್ವಂತ ಯೋಚನೆಗಳು ಶುರುವಾಗುತ್ತವೆ. "ಎರಡು ಬೆಕ್ಕು ಇಟ್ಟರೆ?" ಅಂತ ಅವರೇ ಕೇಳುತ್ತಾರೆ.

ಮತ್ತೆ, ಮೌಸ್ ಅವಳ ಕೈಯಲ್ಲೇ ಇರಲಿ. ಮೊದಮೊದಲು ನಾನು ತಡೆಯಲಾರದೆ ಮೌಸ್ ಕಿತ್ತುಕೊಂಡು ಸರಿಮಾಡಿಬಿಡುತ್ತಿದ್ದೆ. ಹಾಗೆ ಮಾಡಿದಾಗಲೆಲ್ಲ ಮಗು ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಿತ್ತು. ಅದನ್ನು ಗಮನಿಸಿದ ದಿನದಿಂದ ನನ್ನ ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಳ್ಳುತ್ತೇನೆ.

ಪೈಥಾನ್‌ಗೆ ವಯಸ್ಸು ನೋಡಬೇಡಿ. ಬ್ಲಾಕ್ ಎಳೆದೂ ಎಳೆದೂ ಬೇಜಾರಾಗಿ, ಇದನ್ನು ಬೇಗ ಟೈಪ್ ಮಾಡಲು ಆಗಲ್ವಾ ಅಂತ ಅವಳೇ ಕೇಳಿದಾಗ ತೆರೆಯಿರಿ. ಪೈಥಾನ್ ಜೊತೆಗೇ ಟರ್ಟಲ್ (ಆಮೆ) ಅನ್ನುವ, ಚಿತ್ರ ಬಿಡಿಸುವ ಮಾಡ್ಯೂಲ್ ಬರುತ್ತದೆ. ಮೊದಲ ದಿನ ಅದರಲ್ಲಿ ಅದೇ ಚೌಕ ಬಿಡಿಸಲಿ.