ಮಕ್ಕಳ ಸಂಜೆ ಪಾಠಕ್ಕೆ ಕೇಳಿದ ಅನುದಾನ: ‘ದಾಖಲೆ ಅಪೂರ್ಣ’ ಅಂದರೆ ಏನು?

ನಿಮ್ಮ ಟ್ರಸ್ಟ್ ಮಕ್ಕಳ ಸಂಜೆ ಪಾಠಕ್ಕೆ ಒಂದು ಕಂಪನಿಯಿಂದ ಅನುದಾನ ಕೇಳಿತ್ತು, ‘ದಾಖಲೆ ಅಪೂರ್ಣ’ ಎಂಬ ಉತ್ತರ ಬಂತು, ಏಕೆ ಎಂದು ಕೇಳಿದ್ದೀರಿ. ಬಹುಶಃ ನಿಮ್ಮ ಟ್ರಸ್ಟಿಗೆ ಸಿಎಸ್‌ಆರ್-1 ನೋಂದಣಿ ಇಲ್ಲ. ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ; ಅದನ್ನು ಬಳಸುವ ಸಂಸ್ಥೆ ಸರ್ಕಾರದಲ್ಲಿ ನೋಂದಾಯಿಸಿ ನಂಬರ್ ಪಡೆಯುವ ಅರ್ಜಿಯೇ ಸಿಎಸ್‌ಆರ್-1. 2021ರ ಏಪ್ರಿಲ್‌ನಿಂದ ಆ ನಂಬರ್ ಇಲ್ಲದ ಟ್ರಸ್ಟಿನ ಮೂಲಕ ಕಂಪನಿಗಳು ಸಿಎಸ್‌ಆರ್ ಹಣ ಖರ್ಚು ಮಾಡುವಂತಿಲ್ಲ. ಸಂಜೆ ಪಾಠ, ತಾಯಂದಿರ ಸಭೆ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ನಮ್ಮ ಟ್ರಸ್ಟಿಗೆ ಇದನ್ನು ಮಾಡಿಸಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಮೊದಲು ಆದಾಯ ತೆರಿಗೆಯ ಕಾಗದ ತೆಗೆಯಿರಿ. ನೀವು 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಇದೆ ಎಂದಷ್ಟೇ ಬರೆದಿದ್ದೀರಿ. 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಅನುಮೋದನೆ) ಕೂಡ ಬೇಕು. ಅದಿಲ್ಲದಿದ್ದರೆ ತೊಡಕು ಇಲ್ಲಿಂದಲೇ ಶುರುವಾಗಿರಬಹುದು, ಮೊದಲು ಅದಕ್ಕೆ ಅರ್ಜಿ ಹಾಕಿ.

ಎರಡೂ ಇದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಎಸ್‌ಆರ್-1 ತುಂಬಿ. ಒಬ್ಬ ಟ್ರಸ್ಟಿಯ ಡಿಜಿಟಲ್ ಸಹಿ, ಜೊತೆಗೆ ಸಿಎ (ಚಾರ್ಟರ್ಡ್ ಅಕೌಂಟೆಂಟ್), ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರ ದೃಢೀಕರಣ ಬೇಕು. ತುಂಬುವ ಮುಂಚೆ ಟ್ರಸ್ಟ್ ಡೀಡ್ ಮತ್ತು ಪ್ಯಾನ್ ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು ಹೋಲಿಸಿ. ಒಂದರಲ್ಲಿ ‘ಚಾರಿಟಬಲ್ ಟ್ರಸ್ಟ್’, ಇನ್ನೊಂದರಲ್ಲಿ ಬರೀ ‘ಟ್ರಸ್ಟ್’ ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ನಿಮ್ಮಂಥ ಟ್ರಸ್ಟಿಗೆ ಇಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವವೂ ಇರಬೇಕು. ಹಾಜರಿ ಪುಸ್ತಕ, ಆಡಿಟ್ ಆದ ಲೆಕ್ಕ, ವರ್ಷವಾರು ವರದಿ ಒಟ್ಟಿಗೆ ಇಟ್ಟುಕೊಳ್ಳಿ. ಸುಮ್ನೆ ಫೋಟೊ ತುಂಬಿಸಬೇಡಿ. ಮಕ್ಕಳ ಹೆಸರಿನ ಮುಂದೆ ದಿನಾ ಟಿಕ್ ಹಾಕಿದ ಹಾಜರಿ ಪುಟ ಎಷ್ಟೋ ಜಾಸ್ತಿ ಹೇಳುತ್ತದೆ.

ನಂಬರ್ ಬಂದ ಮೇಲೆ ಅದೇ ಕಂಪನಿಗೆ ಮತ್ತೆ ಕಳಿಸಿ. ಅವರ ಕಾರ್ಖಾನೆ ನಿಮ್ಮ ತಾಲ್ಲೂಕಿನಲ್ಲೇ ಇದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಸುತ್ತಲಿನ ಊರಿಗೆ ಆದ್ಯತೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ.