ಸಿನಿಮಾ ಸಪ್ಪೆ, ಡಿಸ್ಕ್ ಸೊಗಸು: ಇಟ್ಟುಕೊಳ್ಳಲೇ, ಬಿಡಲೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ‘ಜೆಮಿನಿ ಮ್ಯಾನ್’ ಚಿತ್ರದ 4ಕೆ ಬ್ಲೂ-ರೇ (ಅತಿ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ತಂದುಕೊಟ್ಟಿದ್ದಾನೆ. ಥಿಯೇಟರಿನಲ್ಲೇ ಈ ಸಿನಿಮಾ ನನಗೆ ನಿರಾಸೆ ಮಾಡಿತ್ತು. ಈಗ ಮನೆಯಲ್ಲಿ ಹಾಕಿದರೆ ಸಿನಿಮಾ ಅಂತಲೇ ಅನ್ನಿಸುವುದಿಲ್ಲ, ಕ್ರಿಕೆಟ್ ನೇರಪ್ರಸಾರದ ಹಾಗೆ ಕಾಣುತ್ತದೆ. ನಡುನಡುವೆ ಪರದೆ ಕಪ್ಪಾಗುತ್ತದೆ. ಬೇರೆ 4ಕೆ ಡಿಸ್ಕುಗಳಿಗೆ ಈ ತೊಂದರೆ ಇಲ್ಲ. ಡಿಸ್ಕೇ ಕೆಟ್ಟಿದೆಯೇ? ಇಟ್ಟುಕೊಳ್ಳುವಂಥದ್ದು ಇದರಲ್ಲಿ ಏನಾದರೂ ಇದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ನೇರಪ್ರಸಾರದಂತೆ ಕಾಣುವುದು ಡಿಸ್ಕಿನ ದೋಷವಲ್ಲ. ನಿರ್ದೇಶಕ ಆಂಗ್ ಲೀ 2019ರ ಈ ಚಿತ್ರವನ್ನು ತೆಗೆದದ್ದೇ ಸೆಕೆಂಡಿಗೆ 120 ಫ್ರೇಮುಗಳಲ್ಲಿ, ಅಂದರೆ 120 ಬಿಡಿಚಿತ್ರಗಳಲ್ಲಿ. ನಾವೆಲ್ಲ ನೋಡಿ ಬೆಳೆದ ಸಿನಿಮಾ 24 ಫ್ರೇಮಿನದು. 4ಕೆ ಬ್ಲೂ-ರೇಯಲ್ಲಿ ಹೆಚ್ಚೆಂದರೆ 60 ಫ್ರೇಮು ತುಂಬಬಹುದು, ಈ ಡಿಸ್ಕಿನಲ್ಲಿ ಆ 60 ಪೂರ್ತಿ ಇವೆ. ಹಾಗೆ ಬಂದ ಚಲನಚಿತ್ರಗಳು ಬೆರಳೆಣಿಕೆಯಷ್ಟು. ವೇಗದ ಚಲನೆಯಲ್ಲೂ ಮಸುಕಾಗದ ಚಿತ್ರವನ್ನು ನಮ್ಮ ಕಣ್ಣು ಆಟದ ಪ್ರಸಾರದಲ್ಲಷ್ಟೇ ಕಂಡಿರುವುದರಿಂದ ನಿಮಗೆ ಹಾಗನ್ನಿಸಿದೆ. ಅರ್ಧ ಗಂಟೆ ಬಿಡದೆ ನೋಡಿ, ಒಗ್ಗಬಹುದು. ಒಗ್ಗದಿದ್ದರೆ ಸಾಮಾನ್ಯ ಬ್ಲೂ-ರೇಯಲ್ಲಿ ಇದೇ ಚಿತ್ರ 24 ಫ್ರೇಮಿನಲ್ಲಿದೆ.

ಪರದೆ ಕಪ್ಪಾಗುವುದಕ್ಕೆ ನನ್ನ ಮೊದಲ ಅನುಮಾನ ಪ್ಲೇಯರಿನಿಂದ ಟಿವಿಗೆ ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ಕೇಬಲ್ ಮೇಲೆ. 60 ಫ್ರೇಮಿನ 4ಕೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಹರವು ಹೆಚ್ಚಿರುವ) ಚಿತ್ರಕ್ಕೆ 24 ಫ್ರೇಮಿನದಕ್ಕಿಂತ ಬಹಳ ಹೆಚ್ಚು ದತ್ತಾಂಶ ಹರಿಯಬೇಕು. ಬೇರೆ ಡಿಸ್ಕುಗಳನ್ನು ಸಲೀಸಾಗಿ ಓಡಿಸುವ ಹಳೇ ಕೇಬಲ್ ಇಲ್ಲಿ ಸೋಲುತ್ತದೆ. ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲ ಕೇಬಲ್ ಹಾಕಿ. ಟಿವಿಯಲ್ಲಿ ಆ ಎಚ್‌ಡಿಎಂಐ ಪೋರ್ಟಿನ ಪೂರ್ಣ ಸಾಮರ್ಥ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದ್ದೀರಾ ಅಂತಲೂ ನೋಡಿ. ಆಮೇಲೂ ಕಪ್ಪಾದರೆ, ಅದೂ ಪ್ರತಿ ಸಲ ಒಂದೇ ಜಾಗದಲ್ಲಿ, ಆಗ ಡಿಸ್ಕಿನ ಮೇಲೆ ಗೀರು ಹುಡುಕಿ.

ಇನ್ನು ಸಿನಿಮಾ. ನಿಮ್ಮ ನಿರಾಸೆ ನನ್ನದೂ ಹೌದು. ನಿವೃತ್ತ ಹಂತಕನನ್ನು ಕೊಲ್ಲಲು ಅವನದೇ ತರುಣ ತದ್ರೂಪಿ ಬರುತ್ತಾನೆ ಎಂಬ ಈ ಕಥೆ 1990ರ ದಶಕದಿಂದ ಹಾಲಿವುಡ್‌ನಲ್ಲಿ ಕೈಯಿಂದ ಕೈಗೆ ಸಾಗಿ ಬಂದದ್ದು. ಅಷ್ಟು ವರ್ಷದಲ್ಲಿ ಅದರ ಗುಟ್ಟು ಹಳಸಿಹೋಗಿದೆ. ಮಾತುಗಳಂತೂ ಕಥೆ ವಿವರಿಸುವುದಕ್ಕೇ ಮೀಸಲು. ಇಬ್ಬರೂ ವಿಲ್ ಸ್ಮಿತ್ ಅವರೇ, ಆದರೆ ತರುಣನ ಮುಖ ಮೇಕಪ್ಪಲ್ಲ. ಗ್ರಾಫಿಕ್ಸ್ ಸಂಸ್ಥೆ ವೇಟಾದವರು ಸ್ಮಿತ್ ಅಭಿನಯವನ್ನು ಆಧರಿಸಿ ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಕಟ್ಟಿದ್ದು. ಕತ್ತಲಿನ ಹೊಡೆದಾಟದಲ್ಲಿ ಅದು ನಂಬಿಸುತ್ತದೆ. ಕೊನೆಯ ದೃಶ್ಯದ ಹಗಲು ಬೆಳಕಿನಲ್ಲಿ ನಂಬಿಸುವುದಿಲ್ಲ. ಡಿಸ್ಕ್ ಇಷ್ಟು ಸ್ಫುಟವಾಗಿರುವುದರಿಂದಲೇ ಆ ಕೊರತೆ ಎದ್ದು ಕಾಣುತ್ತದೆ. ಇದಕ್ಕೆ ಡಿಸ್ಕಿನ ಅಂಕ ಕಡಿಯಬೇಡಿ. ಚಿತ್ರದಲ್ಲಿ ಇರುವುದನ್ನು ಇದ್ದ ಹಾಗೇ ತೋರಿಸುವುದು ಅದರ ಕೆಲಸ.

ಆದರೂ ನಾನಾದರೆ ಈ ಡಿಸ್ಕ್ ಇಟ್ಟುಕೊಳ್ಳುತ್ತೇನೆ, ಕೊಲಂಬಿಯಾದ ಕಾರ್ಟಹೇನಾ ಊರಿನ ಬೈಕ್ ಬೆನ್ನಟ್ಟುವಿಕೆಗಾಗಿ. ಸುಡುಬಿಸಿಲು, ಬಣ್ಣದ ಗೋಡೆಗಳು, ಇಕ್ಕಟ್ಟಾದ ಬೀದಿ. ಅಲ್ಲಿ ತರುಣ ಹಂತಕ ಬೈಕನ್ನೇ ಆಯುಧ ಮಾಡಿಕೊಂಡು ಹಿಂಚಕ್ರದಲ್ಲಿ ಹೊಡೆಯುತ್ತಾನೆ. 24 ಫ್ರೇಮಿನಲ್ಲಿ ಇಂಥ ದೃಶ್ಯ ಕಲಸಿಹೋಗುತ್ತದೆ, ಕತ್ತರಿ ಮೇಲೆ ಕತ್ತರಿ ಹಾಕಿ ವೇಗದ ಭ್ರಮೆ ಹುಟ್ಟಿಸುತ್ತಾರೆ. ಇಲ್ಲಿ ಯಾರು ಎಲ್ಲಿದ್ದಾರೆ, ಏಟು ಎಲ್ಲಿ ಬಿತ್ತು ಎಲ್ಲವೂ ಕಣ್ಣಿಗೆ ಸಿಗುತ್ತದೆ. ಸುತ್ತಲಿಂದಲೂ ಮೇಲಿಂದಲೂ ಕೇಳಿಸುವ ಡಾಲ್ಬಿ ಆಟ್ಮೋಸ್ ಧ್ವನಿಯೂ ಅಷ್ಟೇ ಅಚ್ಚುಕಟ್ಟು. ಥಿಯೇಟರಿನಲ್ಲಿ ನೀವು ನೋಡಿದ್ದು 24 ಫ್ರೇಮಿನ ಪ್ರತಿಯಾಗಿದ್ದರೆ ಈ ದೃಶ್ಯವನ್ನು ನೀವಿನ್ನೂ ಸರಿಯಾಗಿ ನೋಡಿಯೇ ಇಲ್ಲ. ಕೇಬಲ್ ಬದಲಿಸಿದ ಮೇಲೆ ಮೊದಲು ಇದನ್ನೇ ಹಾಕಿ.