ಚರ್ಚೆಯಿಲ್ಲದೆ ಬಜೆಟ್ ಪಾಸಾದರೆ ಸಂಸತ್ತು ಒಪ್ಪಿದ್ದೇನನ್ನು?

ಪ್ರಶ್ನೆ: ಫೆಬ್ರುವರಿ 1ರ ಬಜೆಟ್ ಭಾಷಣವನ್ನು ದೇಶವೆಲ್ಲ ಕಣ್ಣಿಟ್ಟು ನೋಡುತ್ತದೆ. ಒಂದೂವರೆ ತಿಂಗಳಾದ ಮೇಲೆ, ಗದ್ದಲದ ನಡುವೆಯೇ ಬಜೆಟ್‌ಗೆ ಲೋಕಸಭೆಯ ಒಪ್ಪಿಗೆ ಸಿಕ್ಕಿತು ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಇಷ್ಟು ದೊಡ್ಡ ಮೊತ್ತ ನಿಮಿಷಗಳಲ್ಲಿ ಪಾಸಾಗುವುದಾದರೆ ಸಂಸತ್ತಿಗೆ ಇರುವ ಕೆಲಸವಾದರೂ ಏನು?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. 2018ರಲ್ಲಿ ಮತ್ತು 2023ರಲ್ಲಿ ಒಂದೇ ಒಂದು ಸಚಿವಾಲಯದ ಖರ್ಚಿನ ಮೇಲೂ ಚರ್ಚೆ ನಡೆಯದೆ ಎಲ್ಲ ಅನುದಾನ ಬೇಡಿಕೆಗಳು ಲೋಕಸಭೆಯಲ್ಲಿ ಅಂಗೀಕಾರವಾದವು. 2023ರ ಬಜೆಟ್‌ನ ಒಟ್ಟು ಗಾತ್ರ ಸುಮಾರು 45 ಲಕ್ಷ ಕೋಟಿ ರೂಪಾಯಿ. ಇದಕ್ಕೆ ಅವಕಾಶವಾದದ್ದು ಹೇಗೆಂದು ತಿಳಿಯಲು ಭಾಷಣವನ್ನು ಬದಿಗಿಟ್ಟು ಆಮೇಲಿನ ಹಾದಿಯನ್ನು ನೋಡಬೇಕು.

ಕಾನೂನಿನ ಅನುಮತಿಯಿಲ್ಲದೆ ಭಾರತದ ಸಂಚಿತ ನಿಧಿಯಿಂದ, ಅಂದರೆ ಕೇಂದ್ರ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ ಎಂದು ಸಂವಿಧಾನದ 266ನೇ ವಿಧಿ ಹೇಳುತ್ತದೆ. ಆ ಅನುಮತಿ ಕೇಳಲು ಸರ್ಕಾರ ಸಚಿವಾಲಯವಾರು ‘ಅನುದಾನ ಬೇಡಿಕೆ’ಗಳನ್ನು ಲೋಕಸಭೆಯ ಮುಂದಿಡುತ್ತದೆ. ಸದನ ಅವುಗಳಿಗೆ ಮತ ಹಾಕಿದ ಮೇಲೆ ಎಲ್ಲವನ್ನೂ ಒಟ್ಟುಗೂಡಿಸಿದ ಧನವಿನಿಯೋಗ ಮಸೂದೆ ಬರುತ್ತದೆ. ಮತ ಪಡೆದ ಮೊತ್ತವನ್ನು ಬದಲಿಸುವ ತಿದ್ದುಪಡಿಗೆ ಆ ಹಂತದಲ್ಲಿ ಜಾಗವಿಲ್ಲ. ಮಾತನಾಡಬೇಕಾದದ್ದನ್ನೆಲ್ಲ ಬೇಡಿಕೆಗಳ ಹಂತದಲ್ಲೇ ಮಾತನಾಡಿ ಮುಗಿಸಿರಬೇಕು. ರಾಜ್ಯಸಭೆಗೆ ಬೇಡಿಕೆಗಳ ಮೇಲೆ ಮತದ ಹಕ್ಕಿಲ್ಲ. ಮಸೂದೆಯನ್ನು ಅದು 14 ದಿನಗಳೊಳಗೆ ಹಿಂದಿರುಗಿಸಬೇಕು, ಅದರ ಶಿಫಾರಸುಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು.

ತೊಡಕು ಇರುವುದು ಸಮಯದಲ್ಲಿ. ಬೇಡಿಕೆಗಳ ಸಂಖ್ಯೆ ನೂರರ ಆಸುಪಾಸು. ಸದನಕ್ಕೆ ಸಿಗುವುದು ಕೆಲವೇ ದಿನ. ಹಾಗಾಗಿ ಕೆಲವು ಸಚಿವಾಲಯಗಳನ್ನಷ್ಟೇ ಚರ್ಚೆಗೆ ಆರಿಸಿಕೊಳ್ಳುತ್ತಾರೆ. ನಿಗದಿಯಾದ ಕೊನೆಯ ದಿನ, ಮೊದಲೇ ಗೊತ್ತುಮಾಡಿದ ಗಂಟೆಗೆ, ಯಾರ ಮಾತು ಎಲ್ಲಿಗೆ ಬಂದಿದ್ದರೂ ಚರ್ಚೆ ನಿಲ್ಲುತ್ತದೆ. ಸಭಾಧ್ಯಕ್ಷರು ಉಳಿದ ಬೇಡಿಕೆಗಳನ್ನು ಒಟ್ಟಾಗಿ ಮತಕ್ಕೆ ಹಾಕುತ್ತಾರೆ. ‘ಹೌದು’ ಎನ್ನುವವರ ದನಿ, ‘ಇಲ್ಲ’ ಎನ್ನುವವರ ದನಿ, ಮುಗಿಯಿತು. ಇದಕ್ಕೆ ‘ಗಿಲೋಟಿನ್’ ಎಂದು ಹೆಸರು. ರಕ್ಷಣೆಯೋ ಆರೋಗ್ಯವೋ ಶಿಕ್ಷಣವೋ, ಆ ವರ್ಷ ಪಟ್ಟಿಯಲ್ಲಿ ಇಲ್ಲದ ಸಚಿವಾಲಯಕ್ಕೆ ಹಣ ಸಿಗುವುದು ಹೀಗೆಯೇ.

ಗಿಲೋಟಿನ್ ಎಂಬ ಉಪಾಯವನ್ನೇ ನಾನು ದೂರುವುದಿಲ್ಲ. ಅದಿಲ್ಲದಿದ್ದರೆ ಏಪ್ರಿಲ್ 1 ಬಂದರೂ ಮಾತು ಮುಗಿಯದೆ, ಸಂಬಳಕ್ಕೂ ಪಿಂಚಣಿಗೂ ಹಣವಿಲ್ಲದ ಪರಿಸ್ಥಿತಿ ಬಂದೀತು. ಆದರೆ ಚರ್ಚೆ ನಡೆದು ಉಳಿದದ್ದಕ್ಕೆ ಗಿಲೋಟಿನ್ ಬಳಸುವುದು ಬೇರೆ, ಚರ್ಚೆಯೇ ಇಲ್ಲದೆ ಎಲ್ಲದಕ್ಕೂ ಬಳಸುವುದು ಬೇರೆ. ಎರಡನೆಯದು ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಸೇರಿ ಮತದಾರರಿಗೆ ಮಾಡುವ ಅನ್ಯಾಯ. ಸಚಿವರನ್ನು ನಿಲ್ಲಿಸಿ ‘ಕಳೆದ ವರ್ಷ ಕೊಟ್ಟ ಹಣವನ್ನು ಏನು ಮಾಡಿದಿರಿ’ ಎಂದು ಕೇಳಲು ಸಿಗುವ ನೇರ ಅವಕಾಶ ಅದು. ಗದ್ದಲದಲ್ಲಿ ಅದನ್ನು ಕಳೆದುಕೊಂಡ ಸದಸ್ಯರಿಗೆ ಆ ಸಚಿವಾಲಯದ ಬೇಡಿಕೆ ಮತ್ತೆ ಸಿಗುವುದು ಮುಂದಿನ ವರ್ಷ.

ಹಾಗೆಂದು ಆ ಕೆಲವು ನಿಮಿಷಗಳೇ ಸಂಸತ್ತಿನ ಪೂರ್ತಿ ಕೆಲಸ ಎಂದುಕೊಳ್ಳಬೇಡಿ. ಬಜೆಟ್ ಅಧಿವೇಶನದ ನಡುವೆ ಸದನಕ್ಕೆ ಬಿಡುವು ಕೊಡುತ್ತಾರಲ್ಲ, ಆ ದಿನಗಳಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಾಗಿಲು ಹಾಕಿಕೊಂಡು ಕೂರುತ್ತವೆ. 1993ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಈಗ 24 ಸಮಿತಿಗಳಿವೆ; ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಇಲಾಖೆಯ ಕಾರ್ಯದರ್ಶಿಗಳನ್ನು ಎದುರು ಕೂರಿಸಿಕೊಂಡು ಒಂದೊಂದು ಸಾಲಿನ ಲೆಕ್ಕ ಕೇಳುವುದು ಇಲ್ಲಿಯೇ. ಕ್ಯಾಮೆರಾ ಇಲ್ಲದಿರುವುದರಿಂದ ಪಕ್ಷದ ಗೆರೆ ದಾಟಿ ಪ್ರಶ್ನೆ ಕೇಳುವ ಧೈರ್ಯವೂ ಬರುತ್ತದೆ. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೂ ಖರ್ಚಿನ ಪರಿಶೀಲನೆ ಎಂಬ ಮಾತಿಗೆ ತಕ್ಕ ಕೆಲಸ ಸಂಸತ್ತಿನಲ್ಲಿ ಎಲ್ಲಿ ನಡೆಯುತ್ತದೆ ಎಂದು ಕೇಳಿದರೆ ನಾನು ತೋರಿಸುವುದು ಆ ಕೋಣೆಗಳನ್ನೇ.

ಪ್ರಶ್ನೆ: ನಮ್ಮ ಸಂಸದರು ಸದನದಲ್ಲಿ ‘100 ರೂಪಾಯಿ ಕಡಿತಗೊಳಿಸಬೇಕು’ ಎಂಬ ಸೂಚನೆ ಕೊಟ್ಟರಂತೆ. ಸಾವಿರಾರು ಕೋಟಿಯಲ್ಲಿ 100 ರೂಪಾಯಿ ಕಡಿಮೆ ಮಾಡಿ ಏನು ಪ್ರಯೋಜನ? ಅದರ ಬದಲು ನಮ್ಮ ಭಾಗಕ್ಕೆ ಹಣ ಹೆಚ್ಚಿಸಿ ಎಂದು ಕೇಳಬಾರದೇ?

ಉತ್ತರ: ಹೆಚ್ಚಿಸಿ ಎಂದು ಭಾಷಣದಲ್ಲಿ ಎಷ್ಟು ಬೇಕಾದರೂ ಕೇಳಬಹುದು, ಆದರೆ ಮೊತ್ತ ಹೆಚ್ಚಿಸುವ ಪ್ರಸ್ತಾವ ತರುವಂತಿಲ್ಲ. ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ, ಅಂದರೆ ಸರ್ಕಾರವೇ ಮುಂದಾಗದೆ, ಯಾವ ಅನುದಾನವನ್ನೂ ಕೇಳುವಂತಿಲ್ಲ ಎನ್ನುತ್ತದೆ 113ನೇ ವಿಧಿ. ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ 1713ರಲ್ಲೇ ಇಂಥ ನಿಯಮ ಮಾಡಿಕೊಂಡಿತ್ತು. ಪ್ರತಿ ಸದಸ್ಯರೂ ತಮ್ಮ ಕ್ಷೇತ್ರಕ್ಕೊಂದಿಷ್ಟು ಸೇರಿಸುತ್ತ ಹೋದರೆ ಖಜಾನೆ ಉಳಿಯುವುದಿಲ್ಲ ಎಂಬುದು ಇದರ ಹಿಂದಿನ ವಿವೇಕ. ಕೇಳುವುದು ಸರ್ಕಾರ, ಕೊಡುವುದು, ಕಡಿಮೆ ಕೊಡುವುದು ಅಥವಾ ಕೊಡದಿರುವುದು ಸದನ.

ಆ ‘ಕಡಿಮೆ ಕೊಡುವುದು’ ಎಂಬುದಕ್ಕೆ ಇರುವ ಸಾಧನವೇ ಕಡಿತ ಸೂಚನೆ. ಇಡೀ ನೀತಿಯೇ ತಪ್ಪು ಎನ್ನುವವರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನುತ್ತಾರೆ. ದುಂದು ಆಗುತ್ತಿದೆ ಎನ್ನುವವರು ಇಂತಿಷ್ಟು ಎಂದು ಲೆಕ್ಕ ಹೇಳಿ ಕಡಿತ ಕೇಳುತ್ತಾರೆ. ನಿಮ್ಮ ಸಂಸದರು ಕೊಟ್ಟಿದ್ದು ಮೂರನೆಯ ಬಗೆ. ಅಲ್ಲಿ 100 ರೂಪಾಯಿ ಬರೀ ಸಂಕೇತ. ಅದರ ಜೊತೆಗೆ ಒಂದು ಸಾಲಿನಲ್ಲಿ ನಿರ್ದಿಷ್ಟ ಕುಂದುಕೊರತೆ ಬರೆದಿರುತ್ತಾರೆ: ಅರ್ಧಕ್ಕೆ ನಿಂತ ರೈಲು ಮಾರ್ಗ, ಭರ್ತಿಯಾಗದ ವೈದ್ಯರ ಹುದ್ದೆ. ಹಣವನ್ನು ಕಡಿಮೆ ಮಾಡುವುದಲ್ಲ, ಆ ಸಾಲು ಸದನದ ದಾಖಲೆಗೆ ಸೇರಿ ಸಚಿವರ ಕಣ್ಣಿಗೆ ಬೀಳಲಿ ಎಂಬುದು ಉದ್ದೇಶ. ದೂರದ ಕ್ಷೇತ್ರದ, ಹಿಂದಿನ ಸಾಲಿನ ಸದಸ್ಯರಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ನಿಮ್ಮ ಸಂಸದರು ಅದನ್ನು ಬಳಸಿದ್ದಾರೆಂದರೆ ನನಗೆ ಸಂತೋಷವೇ.

ಕಡಿತ ಸೂಚನೆ ಗೆದ್ದರೆ ಏನಾಗುತ್ತದೆ ಎಂದು ಇನ್ನೊಬ್ಬರು ಕೇಳಿದ್ದಾರೆ. ಸರ್ಕಾರ ಬಹುಮತ ಕಳೆದುಕೊಂಡಿದೆ ಎಂದೇ ಅದರ ಅರ್ಥ. ಹಾಗಾಗಿ ಆಡಳಿತ ಪಕ್ಷಗಳು ಆ ದಿನ ವಿಪ್, ಅಂದರೆ ಹಾಜರಿದ್ದು ಪಕ್ಷ ಹೇಳಿದಂತೆ ಮತ ಹಾಕಬೇಕೆಂಬ ಆದೇಶ, ಕೊಟ್ಟು ಎಲ್ಲರನ್ನೂ ಸದನದಲ್ಲಿ ಕೂರಿಸುತ್ತವೆ. ಬ್ರಿಟನ್ನಿನಲ್ಲಿ ಸರ್ಕಾರದ ಒಂದು ಖರ್ಚಿನ ಅಂದಾಜಿಗೆ ಕಾಮನ್ಸ್ ಸಭೆ ‘ಇಲ್ಲ’ ಎಂದದ್ದು 1919ರಲ್ಲಿ, ಅದೂ ಲಾರ್ಡ್ ಚಾನ್ಸಲರ್ ಅವರ ನಿವಾಸದ ಸ್ನಾನಗೃಹದ ವೆಚ್ಚಕ್ಕೆ. ಆಸ್ಟ್ರೇಲಿಯಾದಲ್ಲಿ ವಿಷಯ ಇಷ್ಟು ಹಗುರವಾಗಿರಲಿಲ್ಲ. 1975ರಲ್ಲಿ ಅಲ್ಲಿನ ಮೇಲ್ಮನೆಯಾದ ಸೆನೆಟ್ ಸರ್ಕಾರದ ಖರ್ಚಿಗೆ ಹಣ ಒದಗಿಸುವ ಮಸೂದೆಗಳನ್ನು ತಡೆಹಿಡಿಯಿತು. ಬಿಕ್ಕಟ್ಟು ಬೆಳೆದು ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕೆರ್ ಅವರು ಪ್ರಧಾನಿ ಗಫ್ ವಿಟ್ಲಮ್ ಅವರನ್ನೇ ವಜಾ ಮಾಡಿದರು.

ಪ್ರಶ್ನೆ: ಮಂಜೂರಾದ ಹಣ ಸರಿಯಾಗಿ ಖರ್ಚಾಯಿತೇ ಎಂದು ಯಾರು ನೋಡುತ್ತಾರೆ? ನಮ್ಮಂಥವರು ಓದಿ ತಿಳಿಯಬಹುದೇ?

ಉತ್ತರ: ಲೆಕ್ಕ ಪರಿಶೋಧನೆ ಸಿಎಜಿಯದು, ಅಂದರೆ ಭಾರತದ ಮಹಾಲೇಖಪಾಲರದು. ಆ ವರದಿಯನ್ನು ಕೈಯಲ್ಲಿ ಹಿಡಿದು ಅಧಿಕಾರಿಗಳನ್ನು ವಿಚಾರಿಸುವುದು 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ. 1967ರಿಂದ ಈ ಸಮಿತಿಯ ಅಧ್ಯಕ್ಷರನ್ನು ವಿರೋಧ ಪಕ್ಷದಿಂದ ಆರಿಸುವ ಸಂಪ್ರದಾಯವಿದೆ. ಇದು ನಮ್ಮ ಸಂಸತ್ತಿನ ಒಳ್ಳೆಯ ಸಂಪ್ರದಾಯಗಳಲ್ಲೊಂದು. ಮಂಜೂರಾತಿ ಮೀರಿ ಖರ್ಚಾಗಿದ್ದರೆ ಅದನ್ನೂ ಈ ಸಮಿತಿ ನೋಡಿದ ಮೇಲೆಯೇ ಸದನ ಸಕ್ರಮಗೊಳಿಸುತ್ತದೆ.

ಓದಲು ಖಂಡಿತ ಸಾಧ್ಯ. ಬಜೆಟ್ ಮಂಡನೆಯಾದ ದಿನವೇ ದಾಖಲೆಗಳು ಸರ್ಕಾರದ ಜಾಲತಾಣಕ್ಕೆ ಬರುತ್ತವೆ. ನಿಮಗೆ ಕಾಳಜಿಯಿರುವ ಒಂದೇ ಒಂದು ಇಲಾಖೆಯ ಪುಟ ತೆರೆಯಿರಿ. ಪ್ರತಿ ಯೋಜನೆಯ ಎದುರು ಕಳೆದ ವರ್ಷದ ನಿಜವಾದ ಖರ್ಚು, ಈ ವರ್ಷದ ಬಜೆಟ್ ಅಂದಾಜು, ಅದನ್ನೇ ಆಮೇಲೆ ತಿದ್ದಿದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಬಜೆಟ್ ಅಂದಾಜು ಎಂಬ ನಾಲ್ಕು ಅಂಕಣಗಳಿರುತ್ತವೆ. ಎರಡನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂರನೆಯದು ತೀರಾ ಕಡಿಮೆಯಿದ್ದರೆ, ಘೋಷಣೆಯಾದ ಹಣ ಆ ಯೋಜನೆಗೆ ಪೂರ್ತಿ ಹೋಗುತ್ತಿಲ್ಲ ಎಂದರ್ಥ. ಕಾರಣ ಬೇಕೆಂದರೆ ಅದೇ ಇಲಾಖೆಯ ಸ್ಥಾಯಿ ಸಮಿತಿಯ ವರದಿಯಲ್ಲಿ ಹುಡುಕಿ. ಅಧಿಕಾರಿಗಳು ಸಮಿತಿಗೆ ಕೊಟ್ಟ ವಿವರಣೆಯೂ ಅಲ್ಲಿರುತ್ತದೆ.